ಡೆಲ್ಫಿ ಬರುವ ತನಕ

2010ರ ಸುಮಾರಿಗೆ ಸಾಗರ, ಸೊರಬ, ಹೊಸನಗರದ ಕಡೆಯ ಕೆಲವು ಪತ್ತಿನ ಸಹಕಾರ ಸಂಘಗಳಲ್ಲಿ ನಾನು ಬರೆದ ಸಾಫ್ಟ್‌ವೇರ್ ಓಡುತ್ತಿತ್ತು. ಷೇರು, ಠೇವಣಿ, ಜಾಮೀನು ಸಾಲ, ಚಿನ್ನದ ಸಾಲ, ಪಿಗ್ಮಿ, ಸಂಜೆಯ ಡೇಬುಕ್ಕು, ಮಾರ್ಚ್ ಮುಗಿದರೆ ಆಡಿಟ್ಟಿಗೆ ಅಢಾವೆ ಪತ್ರಿಕೆ. ಇಷ್ಟನ್ನೂ ಬರೆದದ್ದು ಡೆಲ್ಫಿ 7ರಲ್ಲಿ. ಅದು 2002ರ ಸರಕು. ಬೆಂಗಳೂರಿನಿಂದ ರಜೆಗೆ ಬರುತ್ತಿದ್ದ ನೆಂಟರ ಹುಡುಗರು ನನ್ನ ಪರದೆ ನೋಡಿ, ಅಜ್ಜನ ಕಾಲದ ಲ್ಯಾಂಬ್ರೆಟಾ ಇನ್ನೂ ಸ್ಟಾರ್ಟ್ ಆಗುತ್ತದೆಯೇ ಎಂದು ಕೇಳುವವರ ಹಾಗೆ ಮುಖ ಮಾಡುತ್ತಿದ್ದರು. ಆಗುತ್ತಿತ್ತು, ಒಂದೇ ಕಿಕ್ಕಿಗೆ.

ಡೆಲ್ಫಿಯ ವಂಶಾವಳಿ ದೊಡ್ಡದು. ಸ್ವಿಟ್ಜರ್ಲೆಂಡಿನ ಪ್ರಾಧ್ಯಾಪಕ ನಿಕ್ಲಾಸ್ ವಿರ್ತ್ ಪ್ರೋಗ್ರಾಮಿಂಗಿನ ಶಿಸ್ತು ಕಲಿಸಲೆಂದು 1970ರಲ್ಲಿ ಹೊರತಂದ ಭಾಷೆ ಪ್ಯಾಸ್ಕಲ್. ಡೆನ್ಮಾರ್ಕಿನ ಆ್ಯಂಡರ್ಸ್ ಹೈಲ್ಸ್‌ಬರ್ಗ್ ಬರೆದ ಕಂಪೈಲರನ್ನು ಬೋರ್ಲ್ಯಾಂಡ್ ಕಂಪನಿ 1983ರಲ್ಲಿ ಟರ್ಬೊ ಪ್ಯಾಸ್ಕಲ್ ಎಂಬ ಹೆಸರಿನಲ್ಲಿ, 50 ಡಾಲರಿಗೆ ಐದು ಸೆಂಟು ಕಡಿಮೆ ಬೆಲೆಗೆ ಮಾರಿತು. ಅದರ ವಿಂಡೋಸ್ ಅವತಾರವೇ ಡೆಲ್ಫಿ. 1995ರ ಫೆಬ್ರುವರಿ 14ರಂದು ಬಂತು. ಫಾರ್ಮಿನ ಮೇಲೆ ಬಟನ್ ಎಳೆದಿಟ್ಟು, ಎರಡು ಸಲ ಕ್ಲಿಕ್ಕಿಸಿ ನಾಲ್ಕು ಸಾಲು ಬರೆದು, ಎಫ್‌ನೈನ್ ಒತ್ತಿದರೆ ಒಂದೇ ಒಂದು ಎಕ್ಸಿ ಫೈಲು. ಪೆನ್‌ಡ್ರೈವಿನಲ್ಲಿ ಹಾಕಿಕೊಂಡು ಹೋಗಿ ಸಂಘದ ಕಂಪ್ಯೂಟರಿಗೆ ಕಾಪಿ ಮಾಡಿದರೆ ಕೆಲಸ ಮುಗಿಯಿತು. ಇನ್ನೊಂದನ್ನು ಡೌನ್‌ಲೋಡ್ ಮಾಡು, ಮತ್ತೊಂದನ್ನು ಇನ್‌ಸ್ಟಾಲ್ ಮಾಡು ಎಂಬ ರಗಳೆ ಇಲ್ಲ. ಇಂಟರ್‌ನೆಟ್ಟೇ ಸರಿಯಾಗಿಲ್ಲದ ಊರುಗಳಲ್ಲಿ ಕೆಲಸ ಮಾಡುವವನಿಗೆ ಇದಕ್ಕಿಂತ ದೊಡ್ಡ ಗುಣ ಯಾವುದಿದೆ?

ಆದರೆ ಆ ಹೊತ್ತಿಗೆ ಮನೆಯೇ ಕೈ ಬದಲಾಗಿತ್ತು. ಹೈಲ್ಸ್‌ಬರ್ಗ್ 1996ರಲ್ಲೇ ಮೈಕ್ರೋಸಾಫ್ಟಿಗೆ ಹೋಗಿ, ಅಲ್ಲಿ ಸಿ ಶಾರ್ಪ್ ಭಾಷೆ ಕಟ್ಟುವವರ ಮುಂದಾಳಾದರು. ಬೋರ್ಲ್ಯಾಂಡ್ 2006ರಲ್ಲಿ ಡೆವಲಪರುಗಳ ಉಪಕರಣಗಳ ವ್ಯಾಪಾರವೇ ತನಗೆ ಬೇಡವೆಂದು, ಅದನ್ನೆಲ್ಲ ಕೋಡ್‌ಗಿಯರ್ ಎಂದು ಬೇರೆ ಮಾಡಿ, 2008ರಲ್ಲಿ ಎಂಬಾರ್ಕಡೆರೊ ಎಂಬ ಕಂಪನಿಗೆ ಮಾರಿತು. ಹೊಸ ಧಣಿಗಳು ಆಗಾಗ ಮುಂದಿನ ಯೋಜನೆಗಳ ಪಟ್ಟಿ ಹೊರಡಿಸುತ್ತಿದ್ದರು. ರೋಡ್‌ಮ್ಯಾಪ್ ಎನ್ನುತ್ತಿದ್ದರು. ಒಂದೊಂದು ಆವೃತ್ತಿಗೂ ಒಂದೊಂದು ಗುಪ್ತನಾಮ: ಟಿಬುರಾನ್, ವೀವರ್, ಫಲ್ಕ್ರಮ್, ಪಲ್ಸರ್. ಪಂಚಾಂಗ ನೋಡುವವರ ಶ್ರದ್ಧೆಯಿಂದ ನಾನು ಆ ಪಟ್ಟಿಗಳನ್ನು ಓದುತ್ತಿದ್ದೆ. ‘ಪಲ್ಸರ್ ಬಂದರೆ ಮೊಬೈಲಿಗೂ ದಾರಿಯಾಗಬಹುದು’ ಎಂದು ಒಮ್ಮೆ ಸಂಘವೊಂದರ ಕಾರ್ಯದರ್ಶಿಯವರಿಗೆ ಹೇಳಿದೆ. ಅವರು ಕಿಟಕಿಯ ಆಚೆ ನಿಂತಿದ್ದ ಪಿಗ್ಮಿ ಸಂಗ್ರಾಹಕರ ಬೈಕು ತೋರಿಸಿ, ‘ಬಂದು ಎಷ್ಟು ವರ್ಷ ಆಯ್ತಲ್ರೀ’ ಎಂದರು.

ಮೊಬೈಲು ಬೇಕಾದದ್ದು ಆ ಬೈಕಿನವರಿಗೇ. ಪಿಗ್ಮಿ ನಮ್ಮ ಕರಾವಳಿಯಲ್ಲಿ ಹುಟ್ಟಿದ ಯೋಜನೆ. ಉಡುಪಿಯಲ್ಲಿ 1925ರಲ್ಲಿ ಶುರುವಾದ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್, ಎಂದರೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಮನೆ ಮನೆಗೆ ಜನರನ್ನು ಕಳಿಸಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಹಣವನ್ನೂ ಕೂಡಿಡಿಸಲು ತೊಡಗಿತು. ಬ್ಯಾಂಕಿನ ಬಾಗಿಲಿಗೆ ಬರಲು ಅಂಜುವವರ ಬಾಗಿಲಿಗೆ ಬ್ಯಾಂಕೇ ಹೋಗುವ ಈ ಉಪಾಯ ಎಷ್ಟು ಗಟ್ಟಿಯೆಂದರೆ, ಸಿಂಡಿಕೇಟ್ ಬ್ಯಾಂಕೇ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಕರಗಿದರೂ ಹಳ್ಳಿಯ ಸೊಸೈಟಿಗಳಲ್ಲಿ ಪಿಗ್ಮಿ ನಡೆದೇ ಇದೆ. ಹೂವಿನವಳು, ಗ್ಯಾರೇಜಿನವನು, ಹೋಟೆಲಿನ ಗಲ್ಲಾದವರು, ಬಸ್‌ಸ್ಟ್ಯಾಂಡಿನ ಮೂಸಂಬಿ ಜ್ಯೂಸಿನವರು ದಿನಕ್ಕೆ ಐವತ್ತೋ ನೂರೋ ಕೊಡುತ್ತಾರೆ. ಅದನ್ನು ತರುವ ಸಂಗ್ರಾಹಕರಿಗೆ ಕಮಿಷನ್.

ಅವರ ಕೈಯಲ್ಲಿ ಒಂದು ಪಿಗ್ಮಿ ಮಷೀನ್ ಇರುತ್ತಿತ್ತು. ಇಟ್ಟಿಗೆಯಷ್ಟು ತೂಕ, ಎರಡು ಸಾಲಿನ ಪರದೆ, ಅಂಕಿಯ ಗುಂಡಿಗಳು, ತಲೆಯಲ್ಲಿ ಸಣ್ಣ ಪೇಪರ್ ರೋಲು. ಬೆಳಿಗ್ಗೆ ಸಂಘದ ಕಂಪ್ಯೂಟರಿನಿಂದ ಕೇಬಲ್ ಹಾಕಿ ಖಾತೆಗಳನ್ನು ತುಂಬಬೇಕು, ಸಂಜೆ ವಸೂಲಿಯನ್ನು ಇಳಿಸಿಕೊಳ್ಳಬೇಕು. ಅದರೊಳಗಿನ ಪ್ರೋಗ್ರಾಮು ಮಷೀನ್ ಮಾಡಿದವರದ್ದು. ನನ್ನ ಪಾಲಿಗೆ ಬಂದದ್ದು ಕೊಡುಕೊಳ್ಳುವ ಟೆಕ್ಸ್ಟ್ ಫೈಲು ಮಾತ್ರ. ಮಳೆಗಾಲದಲ್ಲಿ ಥಂಡಿ ಹಿಡಿದು ಕೆಟ್ಟರೆ ಪಾರ್ಸೆಲ್ ಮಾಡಬೇಕು, ಅದು ಯಾವಾಗ ಬರುತ್ತದೋ ದೇವರೇ ಬಲ್ಲ. ಅಷ್ಟರ ತನಕ ಉದ್ದ ಪುಸ್ತಕ, ಬಾಲ್‌ಪೆನ್ನು.

2011ರ ಕೊನೆಗೆ ಸ್ಯಾಮ್‌ಸಂಗ್ ಗ್ಯಾಲಕ್ಸಿ ವೈ ಬಂತು. ಸಣ್ಣ ಪರದೆಯ, ಕೈಗೆಟಕುವ ಬೆಲೆಯ ಆಂಡ್ರಾಯ್ಡ್ ಫೋನು. ನಮ್ಮ ಕಡೆ ಅದನ್ನು ಮೊದಲು ಕೊಂಡವರಲ್ಲಿ ಒಬ್ಬ ಪಿಗ್ಮಿ ಸಂಗ್ರಾಹಕರೂ ಇದ್ದರು. ಒಂದು ಸಂಜೆ ಮಷೀನನ್ನೂ ಫೋನನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಕೇಳಿದರು: ‘ಎಂತ ಸಾರ್, ಇದರೊಳಗಿಂದು ಇದಕ್ಕೇ ಹಾಕಕ್ಕಾಗಲ್ವಾ? ಎರಡೆರಡು ಹೊತ್ಕಂಡು ಯಾಕೆ ತಿರ್ಗೋದು?’

‘ಆಗತ್ತೆ. ಡೆಲ್ಫಿ ಬರ್ಲಿ’ ಎಂದೆ.

ಡೆಲ್ಫಿ ಬರುವುದು ಸುಲಭವಿರಲಿಲ್ಲ, ಅದಕ್ಕೆ ಕಾರಣವೂ ಇತ್ತು. ಡೆಲ್ಫಿಯ ಕಂಪೈಲರ್ ನೇರವಾಗಿ ಪ್ರೊಸೆಸರಿನ ಭಾಷೆಯನ್ನೇ ಹೊರಡಿಸುತ್ತದೆ. ಅಷ್ಟು ವರ್ಷ ಅದಕ್ಕೆ ಮುಖ್ಯವಾಗಿ ಗೊತ್ತಿದ್ದದ್ದು ಇಂಟೆಲ್ ಚಿಪ್ಪುಗಳ 32 ಬಿಟ್ ಭಾಷೆ. 64 ಬಿಟ್ ವಿಂಡೋಸಿಗೆ ಬರೆಯಲು ಕಲಿತದ್ದೇ 2011ರಲ್ಲಿ. ಫೋನುಗಳ ಹೊಟ್ಟೆಯಲ್ಲಿದ್ದದ್ದು ಆರ್ಮ್ ಚಿಪ್ಪು, ಅದರ ಭಾಷೆಯೇ ಬೇರೆ. ಆ ಕಡೆ ಆಂಡ್ರಾಯ್ಡ್ ಕೂಡ ಮೊದಲಿಗೆ ಜಾವಾದಲ್ಲಿ ಬರೆದದ್ದನ್ನಷ್ಟೇ ಒಳಗೆ ಬಿಟ್ಟುಕೊಳ್ಳುತ್ತಿತ್ತು. ಚಿಪ್ಪಿನ ಭಾಷೆಯಲ್ಲೇ ಬರೆದ ತುಣುಕುಗಳನ್ನು ಸೇರಿಸಬಹುದೆಂದು ಗೂಗಲ್ ಬಾಗಿಲು ತೆರೆದದ್ದು 2009ರಲ್ಲಿ. ಇಡೀ ಆ್ಯಪನ್ನೇ ಹಾಗೆ ಬರೆಯಲು ದಾರಿಯಾದದ್ದು 2010ರ ಡಿಸೆಂಬರಿನ ಆಂಡ್ರಾಯ್ಡ್ 2.3ರಿಂದ. ಅದಕ್ಕೂ ಮೊದಲು ಡೆಲ್ಫಿಯವರು ಎಷ್ಟು ಬೆವರು ಸುರಿಸಿದ್ದರೂ ಪ್ರಯೋಜನವಿರಲಿಲ್ಲ. ದೂರದಿಂದ ನೋಡುವವರಿಗೆ ಮಾತ್ರ ಸೋಮಾರಿತನದಂತೆ ಕಾಣುತ್ತಿತ್ತು.

ಬೇರೆ ದಾರಿಗಳು ಇರಲಿಲ್ಲವೇ? ಬೇಕಾದಷ್ಟಿದ್ದವು. ಎಕ್ಲಿಪ್ಸ್ ಹಾಕಿಕೊಂಡು ಜಾವಾ ಕಲಿಯಬಹುದಿತ್ತು. ಫೋನ್‌ಗ್ಯಾಪ್ ಹಿಡಿದು ವೆಬ್ ಪುಟವನ್ನೇ ಆ್ಯಪ್ ಎನ್ನಬಹುದಿತ್ತು. ಸಿ ಶಾರ್ಪ್ ಬಲ್ಲವರಿಗೆ 2009ರಲ್ಲೇ ಐಫೋನಿಗೆ ಮೊನೊಟಚ್, 2011ರಲ್ಲಿ ಆಂಡ್ರಾಯ್ಡಿಗೆ ಮೊನೊ ಸಿಕ್ಕಿತ್ತು. ಎಂದರೆ ಹೈಲ್ಸ್‌ಬರ್ಗರ ಎರಡನೆಯ ಮಗು ಫೋನಿನೊಳಗೆ ಹೋಗಿ ಕುಳಿತಾಗ ಮೊದಲನೆಯದು ಇನ್ನೂ ಜಗುಲಿಯಲ್ಲೇ ಇತ್ತು! ನಾನೂ ಎಕ್ಲಿಪ್ಸ್ ತೆರೆದು ಕುಳಿತವನೇ. ನನ್ನ ಕಂಪ್ಯೂಟರಿನಲ್ಲಿ ಆಂಡ್ರಾಯ್ಡ್ ಎಮ್ಯುಲೇಟರ್ ಎದ್ದು ನಿಲ್ಲುವಷ್ಟರಲ್ಲಿ ಅಡಿಗೆಮನೆಗೆ ಹೋಗಿ ಕಾಫಿ ಕುಡಿದು ಬರಬಹುದಿತ್ತು.

ಕಾರ್ಯದರ್ಶಿಗಳಿಗೆ ನಾನು ಕೊಡುತ್ತಿದ್ದ ಕಾರಣ ಗಂಭೀರವಾದದ್ದು. ಬಡ್ಡಿಯ ಲೆಕ್ಕ, ಅವಧಿಗೆ ಮೊದಲೇ ಪಿಗ್ಮಿ ಮುಚ್ಚಿದರೆ ಆಗುವ ಕಡಿತ, ಬೈಲಾ ತಿದ್ದುಪಡಿಯಾದಾಗೆಲ್ಲ ಸೇರಿದ ವಿನಾಯಿತಿಗಳು, ಎಲ್ಲವೂ ಪ್ಯಾಸ್ಕಲಿನಲ್ಲಿವೆ. ಆಡಿಟರುಗಳು ವರ್ಷ ವರ್ಷವೂ ಉಜ್ಜಿ ನೋಡಿದ ಕೋಡು. ಅದನ್ನೇ ಜಾವಾದಲ್ಲಿ ಇನ್ನೊಮ್ಮೆ ಬರೆದರೆ ನಾಳೆ ಎರಡು ಕಡೆ ಎರಡು ಲೆಕ್ಕ ಬರುತ್ತದೆ. ಕೇಳಿದವರು ತಲೆಯಾಡಿಸುತ್ತಿದ್ದರು. ಆದರೆ ಸಂಗ್ರಾಹಕರ ಫೋನಿನಲ್ಲಿ ಬಡ್ಡಿ ಲೆಕ್ಕಕ್ಕೆ ಕೆಲಸವೇನು? ಖಾತೆ ನಂಬರು, ಹೆಸರು, ಈ ದಿನದ ಮೊತ್ತ, ಇಷ್ಟೇ. ಅದು ನನಗೆ ಆಗಲೂ ಗೊತ್ತಿತ್ತು. ನಿಜವಾದ ಕಾರಣ ಬೇರೆ. ಒಂದು ಉಪಕರಣದಲ್ಲಿ ಹದಿನೈದು ವರ್ಷ ಕೈ ಪಳಗಿದ ಮೇಲೆ ತಪ್ಪಾದರೆ ಎಲ್ಲಿ ತಪ್ಪಿದೆ ಎಂದು ವಾಸನೆಯಲ್ಲೇ ತಿಳಿಯುತ್ತದೆ. ಹೊಸದರಲ್ಲಿ ಮತ್ತೆ ಅ, ಆ ಇಂದ ಶುರು. ಊರಿನಲ್ಲಿ ನಾಲ್ಕು ಜನ ‘ಸಾರ್’ ಎನ್ನುವ ವಯಸ್ಸಿನಲ್ಲಿ ಅದು ಹಿತವಲ್ಲ. ಜಗತ್ತಿನಲ್ಲಿ ಯಾವುದೇ ಡೆವಲಪರ್ ತನ್ನ ಉಪಕರಣಕ್ಕೆ ಕಾಯುತ್ತಿದ್ದೇನೆ ಎಂದು ಹೇಳುವಾಗ ಅದರೊಳಗೆ ಈ ಪಾಲು ಎಷ್ಟಿದೆ ಎಂದು ನನಗೆ ಈಗಲೂ ಗುಮಾನಿ.

ಭಯವೂ ಇತ್ತು ಅನ್ನಿ. ಇದೇ ಡೆಲ್ಫಿಯನ್ನು ಲಿನಕ್ಸಿಗೆ ಒಯ್ಯುತ್ತೇವೆಂದು ಬೋರ್ಲ್ಯಾಂಡ್ 2001ರಲ್ಲಿ ಕೈಲಿಕ್ಸ್ ತಂದಿತ್ತು. ಮೂರನೆಯ ಆವೃತ್ತಿಯ ಆಚೆ ಅದು ಹೋಗಲೇ ಇಲ್ಲ. ಸಾಲದ್ದಕ್ಕೆ 2010ರ ಏಪ್ರಿಲಿನಲ್ಲಿ ಆ್ಯಪಲ್ ತನ್ನ ಡೆವಲಪರ್ ಒಪ್ಪಂದದ 3.3.1ನೆಯ ಕಲಮನ್ನು ತಿದ್ದಿ, ಐಫೋನಿನ ಆ್ಯಪುಗಳನ್ನು ಮೂಲದಲ್ಲೇ ತಾನು ಹೇಳಿದ ಕೆಲವು ಭಾಷೆಗಳಲ್ಲಿ ಬರೆದಿರಬೇಕು ಎಂದಿತು. ಫ್ಲ್ಯಾಶಿನಲ್ಲಿ ಬರೆದದ್ದನ್ನು ಐಫೋನ್ ಆ್ಯಪಾಗಿ ಮಾಡುವ ಉಪಕರಣವನ್ನು ಅಡೋಬಿ ಹೊರತರುವ ಹೊಸ್ತಿಲಲ್ಲಿ ಬಂದ ಮಾತು ಅದು. ಸೆಪ್ಟೆಂಬರಿನಲ್ಲಿ ಆ್ಯಪಲ್ ಪಟ್ಟು ಸಡಿಲಿಸಿತು. ಆದರೆ ಆ ನಡುವಿನ ತಿಂಗಳುಗಳಲ್ಲಿ, ಸಾಗರದಲ್ಲಿ ಐಫೋನನ್ನು ಕಣ್ಣಿನಲ್ಲೂ ಕಾಣದ ನಾನು ಕೂಡ ತಳಮಳಗೊಂಡಿದ್ದೆ. ಉಪಕರಣ ಬಂದರೂ ಮನೆಯ ಯಜಮಾನ ಬಾಗಿಲು ಹಾಕಿಬಿಡಬಹುದು ಎಂಬುದು ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಕಾಯುವ ಕಾಲದಲ್ಲಿ ಮಾಡಿದ ಒಂದು ಕೆಲಸದ ಬಗ್ಗೆ ಮಾತ್ರ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಡೆಲ್ಫಿ 7ಕ್ಕೆ ಯುನಿಕೋಡ್ ಸರಿಯಾಗಿ ಬರುತ್ತಿರಲಿಲ್ಲ. ಹಾಗಾಗಿ ನಮ್ಮ ಸಂಘಗಳ ಸದಸ್ಯರ ಹೆಸರುಗಳೆಲ್ಲ ನುಡಿ ಫಾಂಟಿನ ಸಂಕೇತಗಳಲ್ಲಿದ್ದವು. ಫಾಂಟ್ ಹಾಕಿದರೆ ಕನ್ನಡ, ತೆಗೆದರೆ ತಲೆಗೆ ಟೋಪಿ ಬಾಲಕ್ಕೆ ಚುಕ್ಕೆ ಇರುವ ರೋಮನ್ ಅಕ್ಷರಗಳ ಗೋಜಲು. ಫೋನಿನಲ್ಲಿ ಇದು ನಡೆಯುವುದಿಲ್ಲ, ಯುನಿಕೋಡೇ ಬೇಕು. 2008ರಲ್ಲಿ ಬಂದ ಡೆಲ್ಫಿ 2009ರಿಂದ ಪಠ್ಯವೆಲ್ಲ ಯುನಿಕೋಡ್ ಆಗಿತ್ತು. ನಾನು ಅಲ್ಲಿಯ ತನಕ ಆ ಮೆಟ್ಟಿಲನ್ನು ಹತ್ತಿರಲಿಲ್ಲ, ಹತ್ತಬೇಕಾಗಿ ಬಂದದ್ದು ಮೊಬೈಲಿನ ಆಸೆಯಿಂದ. ಹೊಸ ಆವೃತ್ತಿಗೆ ಹೋಗಿ, ಹೆಸರುಗಳನ್ನೆಲ್ಲ ನುಡಿಯಿಂದ ಯುನಿಕೋಡಿಗೆ ತಿರುಗಿಸುವ ಪ್ರೋಗ್ರಾಮು ಬರೆದೆ.

ಸುಮಾರಾಗಿ ಸುಲಭವೇ. ಗಂಟಲಲ್ಲಿ ಸಿಕ್ಕಿಕೊಂಡದ್ದು ಅರ್ಕಾವತ್ತು. ನುಡಿಯಲ್ಲಿ ಅದನ್ನು ಕಣ್ಣಿಗೆ ಕಾಣುವ ಕ್ರಮದಲ್ಲೇ, ಅಕ್ಷರವಾದ ಮೇಲೆ ಇಡುತ್ತಾರೆ. ಯುನಿಕೋಡಿನಲ್ಲಿ ನಾಲಿಗೆಯ ಕ್ರಮ, ರಕಾರ ಮೊದಲು. ತಿರುಗಿಸುವಾಗ ಅದನ್ನು ಎತ್ತಿ ಹಿಂದಕ್ಕೆ ತರಬೇಕು. ಎಷ್ಟು ಹಿಂದಕ್ಕೆ ಎಂಬುದು ನಡುವೆ ಇನ್ನೇನೇನು ಒತ್ತು, ಗುಣಿತ ಇವೆ ಎಂಬುದರ ಮೇಲೆ. ಬೇರೆ ಸೀಮೆಯಾಗಿದ್ದರೆ ಎಷ್ಟು ಹೆಸರಿಗೆ ಈ ತೊಂದರೆಯೋ! ಮಲೆನಾಡಿನಲ್ಲಿ ಒಂದು ಕಲ್ಲೆಸೆದರೆ ಅದು ಯಾರಾದರೊಬ್ಬ ಮೂರ್ತಿಗೇ ತಾಗಬೇಕು. ಕೃಷ್ಣಮೂರ್ತಿ, ನರಸಿಂಹಮೂರ್ತಿ, ಸತ್ಯನಾರಾಯಣಮೂರ್ತಿ, ಗಣೇಶಮೂರ್ತಿ. ಮೊದಲ ಸಲ ಓಡಿಸಿದಾಗ ಅಷ್ಟೂ ಮೂರ್ತಿಗಳು ಭಗ್ನ. ಸರಿಪಡಿಸಿದ ಮೇಲೆ ಗುಮಾಸ್ತೆಯೊಬ್ಬರು ಪ್ರಿಂಟ್ ಹಾಕಿಸಿಕೊಂಡು ಷೇರು ರಿಜಿಸ್ಟರಿನೊಂದಿಗೆ ಒಂದೊಂದೇ ಹೆಸರು ತಾಳೆ ನೋಡಿದರು. ಸತ್ತವರ ಹೆಸರಿನಲ್ಲಿ ಇನ್ನೂ ಉಳಿದಿದ್ದ ಷೇರುಗಳು ಹೊರಬಿದ್ದದ್ದು ಆವಾಗಲೇ. ವಾರಸುದಾರರನ್ನು ಕರೆಸಿ ವರ್ಗಾವಣೆ ಮಾಡಿಸಿದರು. ಮೊಬೈಲಿಗೂ ಅದಕ್ಕೂ ಏನೂ ಸಂಬಂಧವಿಲ್ಲ.

ಅತ್ತ ರೋಡ್‌ಮ್ಯಾಪ್ ಅಂಕುಡೊಂಕಾಗಿ ಮುಂದೆ ಬರುತ್ತಿತ್ತು. 2011ರ ಸೆಪ್ಟೆಂಬರಿನಲ್ಲಿ ಎಕ್ಸ್‌ಇ2 ಬಂತು, ಅದೇ ಪಲ್ಸರ್. ಫೈರ್‌ಮಂಕಿ ಎಂಬ ಹೊಸ ಚೌಕಟ್ಟು, ಮ್ಯಾಕಿಗೂ ಐಫೋನಿಗೂ ದಾರಿ. ಐಫೋನಿನ ದಾರಿ ಮಾತ್ರ ಸ್ವಂತ ಕಂಪೈಲರಿನದ್ದಲ್ಲ, ಫ್ರೀ ಪ್ಯಾಸ್ಕಲಿನದ್ದು. ಮರುವರ್ಷದ ಎಕ್ಸ್‌ಇ3ರಲ್ಲಿ ಐಫೋನನ್ನು ಕೈಬಿಟ್ಟರು. ಸ್ವಂತದ್ದು ಬರುತ್ತಿದೆ, ತಾಳಿ ಎಂದರು. 2013ರ ಏಪ್ರಿಲಿನ ಎಕ್ಸ್‌ಇ4ರಲ್ಲಿ ಎಲ್‌ಎಲ್‌ವಿಎಂ ಎಂಬ ತಳಪಾಯದ ಮೇಲೆ ಕಟ್ಟಿದ ಹೊಸ ಕಂಪೈಲರ್ ಬಂತು. ಅದೂ ಐಫೋನಿಗೆ ಮಾತ್ರ. ಪಿಗ್ಮಿ ಸಂಗ್ರಾಹಕರು ಆ ಹೊತ್ತಿಗೆ ಕೇಳುವ ಧಾಟಿ ಬದಲಾಗಿತ್ತು. ಮೊದಲು ‘ಬಂತಾ?’ ಎನ್ನುತ್ತಿದ್ದವರು ಈಗ ನನ್ನನ್ನು ಕಂಡ ಕೂಡಲೇ ‘ಇಲ್ಲ ಅಲ್ವಾ?’ ಎಂದು ತಾವೇ ಹೇಳಿ ನಗುತ್ತಿದ್ದರು.

2013ರ ಸೆಪ್ಟೆಂಬರಿನಲ್ಲಿ ಎಕ್ಸ್‌ಇ5. ಆಂಡ್ರಾಯ್ಡ್! ಪ್ರೊಫೆಷನಲ್ ಆವೃತ್ತಿ ಕೊಂಡವರು ಮೊಬೈಲಿಗೆ ಬೇರೆಯೇ ಪೊಟ್ಟಣ ಕೊಳ್ಳಬೇಕಿತ್ತು. ಬೆಲೆ ನೋಡಿ ಮನೆಯಲ್ಲಿ ಏನೂ ಹೇಳದೆ ಟ್ರಯಲ್ ಇಳಿಸಿಕೊಂಡೆ. ಅಣ್ಣನ ಮಗನ ಫೋನು ಕೇಳಿ ತಂದು, ಕೇಬಲ್ ಚುಚ್ಚಿ, ಫಾರ್ಮಿನ ಮೇಲೊಂದು ಬಟನ್ ಎಳೆದಿಟ್ಟು, ಎರಡು ಸಲ ಕ್ಲಿಕ್ಕಿಸಿ, ಎಫ್‌ನೈನ್. ಫೋನಿನಲ್ಲಿ ಬಟನ್ ಬಂತು. ಬೆರಳಿನಲ್ಲಿ ಒತ್ತಿದರೆ ಇಲ್ಲಿ ಕಂಪ್ಯೂಟರಿನ ಪರದೆಯಲ್ಲಿ ನನ್ನ ಪ್ಯಾಸ್ಕಲ್ ಸಾಲಿನ ಮೇಲೆ ಬ್ರೇಕ್‌ಪಾಯಿಂಟಿನ ಕೆಂಪು ನಿಂತಿತು. ವೇರಿಯಬಲ್ಲುಗಳೊಳಗೆ ಇಣುಕಿ ನೋಡಬಹುದಿತ್ತು. ನಾನು ಒತ್ತಿದೆ, ಮತ್ತೆ ಒತ್ತಿದೆ. ಹುಡುಗ ‘ಇದರಲ್ಲೇನಿದೆ ಚಿಕ್ಕಪ್ಪ?’ ಎಂದ. ಏನೂ ಇರಲಿಲ್ಲ, ನಿಜ.

ಹಳೆಯ ಕೋಡಿನ ಸಂಗತಿ ಹೀಗಾಯಿತು: ಫಾರ್ಮುಗಳು ಒಂದೂ ಬರಲಿಲ್ಲ, ಫೈರ್‌ಮಂಕಿಯ ರೀತಿಯೇ ಬೇರೆ. ಪಠ್ಯದ ಮೊದಲ ಅಕ್ಷರ ವಿಂಡೋಸಿನಲ್ಲಿ ಒಂದನೆಯದು, ಮೊಬೈಲಿನಲ್ಲಿ ಆಗ ಸೊನ್ನೆಯದು. ಹಳೆಯ ಆನ್ಸಿ ಪಠ್ಯಕ್ಕೆ ಜಾಗವೇ ಇರಲಿಲ್ಲ. ಮೂರ್ತಿಗಳ ಜೀರ್ಣೋದ್ಧಾರ ಮೊದಲೇ ಆಗಿದ್ದರಿಂದ ಅಲ್ಲಿ ಬದುಕಿದೆ. ದೊಡ್ಡ ಗೌರವದಿಂದ ಕಾಪಾಡಿಕೊಂಡು ಬಂದಿದ್ದ ಬಡ್ಡಿ ಲೆಕ್ಕದ ಯುನಿಟ್ಟು ಮಾತ್ರ ಹೆಚ್ಚು ತಕರಾರಿಲ್ಲದೆ ಫೋನಿಗೆ ಕಂಪೈಲ್ ಆಯಿತು. ಅಲ್ಲಿ ಅದಕ್ಕೆ ಕೆಲಸವಿಲ್ಲ ಎಂದು ಹೇಳಿದೆನಲ್ಲ.

ಇನ್ನು ಗ್ಯಾಲಕ್ಸಿ ವೈ. ಎಕ್ಸ್‌ಇ5ಕ್ಕೆ ಆರ್ಮ್ ಏಳನೆಯ ಪೀಳಿಗೆಯ ಚಿಪ್ಪು ಬೇಕು, ಅದರಲ್ಲಿ ನಿಯಾನ್ ಎಂಬ ಸೌಲಭ್ಯವೂ ಇರಬೇಕು ಎಂದು ಮೊದಲೇ ಹೇಳಿದ್ದರು. ಗ್ಯಾಲಕ್ಸಿ ವೈಯೊಳಗಿದ್ದದ್ದು ಆರನೆಯ ಪೀಳಿಗೆ. ಎರಡು ವರ್ಷ ನಗುನಗುತ್ತಲೇ ಕೇಳುತ್ತ ಬಂದ ಮನುಷ್ಯನಿಗೆ ‘ಡೆಲ್ಫಿ ಬಂತು, ಆದರೆ ನಿಮ್ಮ ಫೋನಿಗಲ್ಲ’ ಎಂದು ಹೇಗೆ ಹೇಳುವುದು? ಅವರು ಬೇಜಾರು ಮಾಡಿಕೊಳ್ಳಲಿಲ್ಲ. ‘ಇದೂ ಹಳೇದಾಯ್ತು ಬಿಡಿ, ಮಗಳಿಗೆ ಹಾಡು ಕೇಳಕ್ಕೆ ಕೊಟ್ಟಿದೀನಿ’ ಎಂದರು. ಉಪಕರಣಕ್ಕಾಗಿ ನಾವು ಕಾದ ಹಾಗೆಯೇ ಉಪಕರಣವೂ ಅಗ್ಗದ ಫೋನುಗಳಿಗಾಗಿ ಕಾಯಬೇಕಿತ್ತು. 2014ರ ಮೇ ತಿಂಗಳಲ್ಲಿ 6,999 ರೂಪಾಯಿಗೆ ಮೋಟೊ ಇ ಬಂತು. ಚಿಪ್ಪು ಸರಿಯಾದ ಪೀಳಿಗೆಯದ್ದು, ಆಂಡ್ರಾಯ್ಡ್ 4.4. ಕನ್ನಡ ಅಕ್ಷರಗಳನ್ನು ಆಂಡ್ರಾಯ್ಡ್ ತಾನಾಗಿ ಜೋಡಿಸಿ ತೋರಿಸಲು ಕಲಿತದ್ದು 2012ರ 4.1ರಲ್ಲಿ. ಅದಕ್ಕೆ ಮೊದಲಾಗಿದ್ದರೆ ಹೆಸರುಗಳ ಜಾಗದಲ್ಲಿ ಚೌಕದ ಡಬ್ಬಿಗಳೇ ಗತಿಯಾಗುತ್ತಿತ್ತು. ಹಾಗಾಗಿ ಡೆಲ್ಫಿ 2011ರಲ್ಲೇ ಬಂದಿದ್ದರೂ ನಮ್ಮ ಸೊಸೈಟಿಗೆ ಅದರಿಂದ ಎಷ್ಟು ಉಪಯೋಗವಾಗುತ್ತಿತ್ತೋ ಹೇಳಲಾರೆ.

ಮೋಟೊ ಇಯಲ್ಲಿ ಆ್ಯಪ್ ಚೆನ್ನಾಗಿಯೇ ಓಡಿತು. ಒಂದು ವಾರ ಬಳಸಿ ಸಂಗ್ರಾಹಕರು ಮತ್ತೆ ಮಷೀನನ್ನೂ ಹೊತ್ತುಕೊಂಡು ಬಂದರು. ‘ಚೀಟಿ ಬರಲ್ವಲ್ಲ ಸಾರ್ ಇದರಲ್ಲಿ.’ ಎಸ್ಸೆಮ್ಮೆಸ್ ಹೋಗುತ್ತದಲ್ಲ ಎಂದೆ. ‘ಎಸ್ಸೆಮ್ಮೆಸ್ ಯಾರ್ ನೋಡ್ತಾರೆ? ಹೂವಿನಮ್ಮ ದಿನಾ ಚೀಟಿನ ಗಣಪತಿ ಫೋಟೋ ಹಿಂದೆ ಸಿಗ್ಸಿಡ್ತಾರೆ. ತಿಂಗಳ ಕೊನೆಗೆ ಎಣ್ಸಿ ನೋಡೋದು. ಚೀಟಿ ಕೊಡ್ದಿದ್ರೆ ದುಡ್ಡು ಕೊಡಲ್ಲ.’

ಅಲ್ಲಿಗೆ ಬ್ಲೂಟೂತ್ ಪ್ರಿಂಟರ್ ಬೇಕಾಯಿತು. ಸೊಂಟಕ್ಕೆ ಸಿಕ್ಕಿಸಿಕೊಳ್ಳುವಷ್ಟು ಸಣ್ಣದು, ಥರ್ಮಲ್ ಕಾಗದದ್ದು. ಆದರೆ ಎಕ್ಸ್‌ಇ5ರಲ್ಲಿ ಬ್ಲೂಟೂತಿಗೆ ತಯಾರಾದ ಏರ್ಪಾಡು ಇರಲಿಲ್ಲ. ಜಾವಾದ ಕಡೆಗೆ ಸೇತುವೆ ಕಟ್ಟಿ, ಆಂಡ್ರಾಯ್ಡಿನ ಬ್ಲೂಟೂತ್ ಕ್ಲಾಸುಗಳನ್ನು ಒಂದೊಂದಾಗಿ ಪ್ಯಾಸ್ಕಲಿಗೆ ಪರಿಚಯ ಮಾಡಿಸಬೇಕು. ಇಲ್ಲವೇ, ಮತ್ತೆ ಕಾಯಬೇಕು. ಮುಂದಿನದೊಂದರಲ್ಲಿ ಬರುತ್ತದೆಂದು ಮಾತಿತ್ತು. 2014ರ ಸೆಪ್ಟೆಂಬರಿನ ಎಕ್ಸ್‌ಇ7ರಲ್ಲಿ ಬಂದೂ ಬಂತು. ಆದರೆ ಈ ಸಲ ನಾನು ಕಾಯಲಿಲ್ಲ. ಯಾವುದನ್ನು ತಪ್ಪಿಸಿಕೊಳ್ಳಲು ಅಷ್ಟು ವರ್ಷ ಕುಳಿತಿದ್ದೆನೋ ಆ ಜಾವಾವನ್ನೇ, ಮಳೆಗಾಲದಲ್ಲಿ ಕರೆಂಟ್ ಇದ್ದಷ್ಟು ಹೊತ್ತು, ಸೇತುವೆಗೆ ಬೇಕಾದಷ್ಟು ಕಲಿತೆ. ಅಷ್ಟೇನೂ ಕಷ್ಟವಾಗಲಿಲ್ಲ ಎಂಬುದನ್ನು ಯಾರಿಗೂ ಹೇಳಲಿಲ್ಲ.

ಪ್ರಿಂಟರಿಗೆ ಕನ್ನಡ ಬರುತ್ತಿರಲಿಲ್ಲ. ಅಗಲಕ್ಕೆ 384 ಚುಕ್ಕೆ, ರೋಮನ್ ಅಕ್ಷರ, ಅಂಕಿ, ಅಷ್ಟೇ ಅದರ ಲೋಕ. ಮೊದಲು ಚೀಟಿಯನ್ನು ಇಂಗ್ಲಿಷಿನಲ್ಲೇ ಕೊಟ್ಟೆ. ಆಡಳಿತ ಮಂಡಳಿಯ ಸಭೆಯಲ್ಲಿ ಹಿರಿಯ ನಿರ್ದೇಶಕರೊಬ್ಬರು ಎದ್ದು, ನಮ್ಮದು ಕನ್ನಡದ ಸಂಘ, ಚೀಟಿಯೂ ಕನ್ನಡದಲ್ಲೇ ಆಗಬೇಕು ಎಂದರು. ಠರಾವಾಯಿತು. ಆಂಡ್ರಾಯ್ಡಿಗೇ ಹೇಳಿ ಚೀಟಿಯನ್ನೆಲ್ಲ ಚಿತ್ರವಾಗಿ ಬರೆಸಿ, ಆ ಚಿತ್ರವನ್ನು ಚುಕ್ಕೆಗಳ ಸಾಲುಗಳಾಗಿ ಸೀಳಿ ಪ್ರಿಂಟರಿಗೆ ಕಳಿಸಿದೆ. ಚೆಂದವಾಗಿ ಬಂತು, ಆದರೆ ನಿಧಾನ. ಕಾಗದವೂ ಉದ್ದವಾಯಿತು, ಪ್ರಿಂಟರಿನ ಬ್ಯಾಟರಿ ಮಧ್ಯಾಹ್ನಕ್ಕೇ ಕೈಕೊಟ್ಟಿತು. ಸಂಗ್ರಾಹಕರು ಬಂದು, ಗಿರಾಕಿಗಳ ಅಂಗಡಿ ಮುಂದೆ ನಿಂತು ಚೀಟಿಗೆ ಕಾಯುವುದೇ ಒಂದು ಕೆಲಸವಾಗಿದೆ, ಮೊದಲಿನ ಹಾಗೇ ಮಾಡಿ ಎಂದರು. ಮುಂದಿನ ಸಭೆಯಲ್ಲಿ ವಿಷಯ ಮತ್ತೆ ಬಂತು. ಸುಮಾರು ಹೊತ್ತು ಚರ್ಚೆಯಾಗಿ, ಸಂಘದ ಹೆಸರು ಮತ್ತು ಸದಸ್ಯರ ಹೆಸರು ಕನ್ನಡದಲ್ಲಿ, ಉಳಿದದ್ದು ಇಂಗ್ಲಿಷಿನಲ್ಲಿ ಎಂದು ಹೊಸ ಠರಾವು ಬರೆದರು.